ಸ್ಕೇಟಿಂಗ್‌ನಲ್ಲಿ ಬದಿಗೆ ತಳ್ಳುವುದು ಹೇಗೆ?

ರವಿವಾರ ಬೆಳಿಗ್ಗೆ ಧಾರವಾಡದಲ್ಲಿ ಸ್ಕೇಟಿಂಗ್ ಕಲಿಯುವ ಮಕ್ಕಳನ್ನು ನಿಂತು ನೋಡಿದರೆ, ಹೆಚ್ಚಿನವರು ನಡಿಗೆಯ ಅಭ್ಯಾಸದಲ್ಲೇ ಕಾಲನ್ನು ಹಿಂದಕ್ಕೆ ಒದೆಯುತ್ತಿರುತ್ತಾರೆ. ಬೆವರು ಹರಿಯುತ್ತದೆ, ಮುಂದಿನ ಚಕ್ರ ಸವೆಯುತ್ತದೆ, ವೇಗ ಮಾತ್ರ ಏರುವುದಿಲ್ಲ. ಕ್ರಾಸ್ ಕಂಟ್ರಿ ಸ್ಪ್ರಿಂಟ್ ಸ್ಕೀ ಓಟಗಾರರು, ಅಂದರೆ ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಕಿರು ದೂರ ಓಡುವವರು, ಬೇಸಿಗೆಯಲ್ಲಿ ಚಕ್ರದ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲೇ ಅಭ್ಯಾಸ ಮಾಡುವುದರಿಂದ, ಹಿಮ ಕಾಣದ ನಮ್ಮೂರಿನಲ್ಲೂ ಅವರ ತಂತ್ರವನ್ನು ಇನ್‌ಲೈನ್ ಸ್ಕೇಟ್ (ಚಕ್ರಗಳು ಒಂದೇ ಸಾಲಿನಲ್ಲಿರುವ ಸ್ಕೇಟ್) ಮೇಲೆ ಕಲಿಯಲು ಅಡ್ಡಿಯಿಲ್ಲ.

ಮೊದಲು ಹೆಲ್ಮೆಟ್ ಮತ್ತು ಕವಚಗಳನ್ನು ತೊಟ್ಟು, ಹಿಮ್ಮಡಿ ಮೇಲೇಳದಂತೆ ಬೂಟು ಬಿಗಿಯಿರಿ. ಗಟ್ಟಿ ಪ್ಲಾಸ್ಟಿಕ್ ಚಕ್ರದ ಅಗ್ಗದ ಸ್ಕೇಟ್‌ಗಳನ್ನು ಕೊಳ್ಳಲೇಬೇಡಿ. ಅವು ಅಡ್ಡಕ್ಕೆ ಜಾರುತ್ತವೆ. ಬೇರಿಂಗಿಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಧೂಳು ಅಂಟುತ್ತದೆಯೇ ಹೊರತು ವೇಗ ಬರುವುದಿಲ್ಲ.

ಎರಡನೆಯದಾಗಿ, ಮೊಣಕಾಲು ಮತ್ತು ಕಣಕಾಲನ್ನು ಬಾಗಿಸಿ, ಒಂದೇ ಕಾಲಿನ ಮೇಲೆ ಜಾರುವುದನ್ನು ರೂಢಿಸಿಕೊಳ್ಳಿ. ಮೂಗು, ಮೊಣಕಾಲು ಮತ್ತು ಪಾದದ ಬೆರಳು ಒಂದೇ ನೇರಕ್ಕೆ ಬರಬೇಕು; ಮೈಭಾರ ಎರಡು ಕಾಲುಗಳ ನಡುವೆ ಉಳಿದರೆ ಮುಂದೆ ಹೇಳುವ ಯಾವುದೂ ಫಲಿಸದು.

ಬಹುತೇಕರು ಎಡವುವುದು ತಳ್ಳುವ ಹಂತದಲ್ಲಿ. ಸ್ಕೀಗೂ ಚಕ್ರಕ್ಕೂ ಉದ್ದಕ್ಕೆ ಜಾರುವುದೇ ಗುಣ, ಹಿಡಿತ ಸಿಗುವುದು ಅಡ್ಡಕ್ಕೆ ಮಾತ್ರ. ಹಾಗಾಗಿ ಹಿಂದಕ್ಕೆ ಒದ್ದರೆ ಚಕ್ರ ಸುಮ್ಮನೆ ಹಿಂದಕ್ಕೆ ಉರುಳುತ್ತದೆ. ಪಾದವನ್ನು ಸಾಗುವ ದಿಕ್ಕಿನಿಂದ ಸ್ವಲ್ಪ ಹೊರಕ್ಕೆ ತಿರುಗಿಸಿ, ಚಕ್ರವನ್ನು ಒಳ ಅಂಚಿಗೆ ವಾಲಿಸಿ, ಸ್ಕೇಟಿಗೆ ಲಂಬವಾಗಿ ತಳ್ಳಿ. ಪಾದ 30 ಡಿಗ್ರಿ ಹೊರಳಿದ್ದರೆ ಹೀಗೆ ಅಡ್ಡಕ್ಕೆ ಹಾಕಿದ ಬಲದ ಅರ್ಧದಷ್ಟು ನಿಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಬಲ ಮೊದಲು ಸೊಂಟದಿಂದ, ಬಳಿಕ ಮೊಣಕಾಲಿನಿಂದ ಬರಲಿ. ಭಾರ ಹಿಮ್ಮಡಿಯ ಮೇಲಿರಲಿ. ಬೆರಳ ತುದಿಯಿಂದ ಒದ್ದರೆ ಹಳೆಯ ತಪ್ಪೇ ಮರಳಿತೆಂದು ತಿಳಿಯಿರಿ. ಸ್ಕೀಗಳನ್ನು ನೇರವಾಗಿ ಮುಂದಕ್ಕೆ ಇಟ್ಟು ಸಾಗುವ ಕ್ಲಾಸಿಕ್ ಶೈಲಿಯಲ್ಲಿ ಕಾಲಿನಿಂದ ತಳ್ಳುವಾಗ ಸ್ಕೀ ಒಂದು ಕ್ಷಣ ನಿಲ್ಲಲೇಬೇಕು. ಸ್ಕೇಟಿಂಗ್‌ನಲ್ಲಿ ತಳ್ಳುವ ಕಾಲು ಕೂಡ ಮುಂದಕ್ಕೆ ಜಾರುತ್ತಿರುವುದರಿಂದ, ವೇಗ ಹೆಚ್ಚಿದರೂ ಆತುರವಿಲ್ಲದೆ ಪೂರ್ತಿ ತಳ್ಳಬಹುದು. 2002ರಲ್ಲಿ ಒಲಿಂಪಿಕ್ಸ್ ಸೇರಿದ ಸ್ಪ್ರಿಂಟ್‌ನಲ್ಲಿ ಫೈನಲ್ ತಲುಪುವವರು ಅರ್ಹತಾ ಸುತ್ತೂ ಸೇರಿ ಒಂದೇ ದಿನ ನಾಲ್ಕು ಬಾರಿ ಓಡಬೇಕಾಗುತ್ತದೆ. ತಳ್ಳುವಿಕೆಯಲ್ಲಿ ಪೋಲಾದ ಶಕ್ತಿಯ ಲೆಕ್ಕ ಕೊನೆಯ ಏರಿನಲ್ಲಿ ಸಿಗುತ್ತದೆ.

ಸ್ಕೀ ಓಟಗಾರರು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಊರುವ ಕೋಲುಗಳನ್ನು ಒಂದು ತಿಂಗಳಾದರೂ ಮುಟ್ಟಬೇಡಿ. ಆಮೇಲೆ ಸಮತಟ್ಟಿನಲ್ಲಿ ಪ್ರತಿ ಕಾಲಿನ ತಳ್ಳುವಿಕೆಗೂ ಎರಡೂ ಕೋಲುಗಳನ್ನು ಒಮ್ಮೆಗೇ ಊರಿ. ಕಡಿದಾದ ಏರಿನಲ್ಲಿ ಪಾದಗಳ ಕೋನವನ್ನು ಅಗಲಿಸಿ, ಎರಡು ತಳ್ಳುವಿಕೆಗೆ ಒಮ್ಮೆ ಊರಿದರೆ ಸಾಕು. ಕೋಲು ನಿಮ್ಮ ಗದ್ದ ಮತ್ತು ತುಟಿಯ ನಡುವಿನ ಎತ್ತರಕ್ಕಿರಲಿ.

ಧಾರವಾಡದ ಜಿಟಿಜಿಟಿ ಮಳೆ ಹಿಡಿದ ದಿನ ಸ್ಕೇಟ್ ಹೊರತೆಗೆಯಬೇಡಿ. ಒದ್ದೆ ಡಾಂಬರಿನಲ್ಲಿ ಅಡ್ಡ ಹಿಡಿತವೇ ಇರುವುದಿಲ್ಲ. ಅಂದು ಮನೆಯಲ್ಲೇ ಕನ್ನಡಿಯ ಮುಂದೆ ಬರಿಗಾಲಿನಲ್ಲಿ ಒಂಟಿ ಕಾಲಿನ ಸಮತೋಲನ ಅಭ್ಯಾಸ ಮಾಡಿ.