ವಿದೇಶಕ್ಕೆ ಸ್ವಯಂಸೇವೆಗೆ ಹೊರಟಿದ್ದೀರಾ? ಮೊದಲು ಮನೆಯ ಕೆಲಸ ಮುಗಿಸಿ

ನರ್ಸ್‌ಗಳು, ಎಂಜಿನಿಯರ್‌ಗಳು, ಲೆಕ್ಕಪತ್ರ ಬಲ್ಲವರು, ಕುಡಿಯುವ ನೀರಿನ ಯೋಜನೆಗಳಲ್ಲಿ ಪಳಗಿದವರು ವರ್ಷಗಟ್ಟಲೆ ಆಫ್ರಿಕಾದ ಯಾವುದೋ ಊರಿಗೆ ಹೋಗಿ ಸೇವೆ ಮಾಡಬೇಕು ಅಂದರೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, 1970ರಲ್ಲಿ ಹುಟ್ಟಿದ, ಜರ್ಮನಿಯ ಬಾನ್ ನಗರದಿಂದ ನಡೆಯುವ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ, ಅಂದರೆ ಯುಎನ್‌ವಿ. ಇನ್ನೊಂದು, 1971ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ವೈದ್ಯರ ಸಂಸ್ಥೆ ಎಂಎಸ್‌ಎಫ್‌ನಂಥವು. ಆಯ್ಕೆಯಾದ ಮೇಲೆ ಎಲ್ಲರೂ ಸೂಟ್‌ಕೇಸ್ ಬಗ್ಗೆ ಯೋಚಿಸುತ್ತಾರೆ. ಆದರೆ ಸೂಟ್‌ಕೇಸ್ ಎರಡು ದಿನದ ಕೆಲಸ. ನೀವಿಲ್ಲದೆ ಮನೆ ನಡೆಯುವ ಹಾಗೆ ಮಾಡುವುದಕ್ಕೆ ತಿಂಗಳುಗಳೇ ಬೇಕು.

ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಹೇಳಿ

ಆಯ್ಕೆ ಪತ್ರ ಕೈಗೆ ಬಂದ ಮೇಲೆ ಅಪ್ಪ-ಅಮ್ಮನಿಗೆ ಹೇಳೋಣ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇದು ಸರಿಯಲ್ಲ. ಎಲ್ಲ ತೀರ್ಮಾನ ಆದ ಮೇಲೆ ಹೇಳಿದರೆ ಅವರಿಗೆ ಒಪ್ಪುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಆ ಬೇಸರ ನೀವು ದೂರ ಇದ್ದಾಗ ಜಾಸ್ತಿಯಾಗುತ್ತದೆ. ಎಲ್ಲಿಗೆ, ಎಷ್ಟು ದಿನ, ಅಲ್ಲಿ ಗಲಾಟೆ ಇದೆಯಾ, ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ, ಈ ನಾಲ್ಕು ಪ್ರಶ್ನೆಗೆ ನೇರ ಉತ್ತರ ಕೊಡಿ. ಸರ್ಕಾರಿ ನೌಕರರಾದರೆ ಇಲಾಖೆಯ ಅನುಮತಿಯೂ ಬೇಕು. ಅದಕ್ಕೂ ಈಗಲೇ ಅರ್ಜಿ ಹಾಕಿ.

ಒಂದು ಎಚ್ಚರಿಕೆ: ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ. ‘ರಿಜಿಸ್ಟ್ರೇಷನ್ ಫೀ ಕಟ್ಟಿ’ ಅಂದವರ ಹತ್ತಿರ ಮಾತು ಮುಂದುವರಿಸಬೇಡಿ.

ಕಾಗದಪತ್ರ

ಪಾಸ್‌ಪೋರ್ಟ್ ಅವಧಿ ಸೇವೆ ಮುಗಿದ ಮೇಲೂ ಕನಿಷ್ಠ ಆರು ತಿಂಗಳು ಉಳಿಯುವಂತಿರಲಿ. ಕಮ್ಮಿ ಇದ್ದರೆ ಈಗಲೇ ನವೀಕರಿಸಿ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೂ ಪಾಸ್‌ಪೋರ್ಟ್ ಸೇವಾ ಮೂಲಕವೇ ಅರ್ಜಿ ಹಾಕಬಹುದು. ಪದವಿ ಪತ್ರಗಳಿಗೆ ಅಪೋಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶಗಳೂ ಒಪ್ಪುವ ಸರ್ಕಾರಿ ಮುದ್ರೆ, ಬೇಕೇ ಅಂತ ಸಂಸ್ಥೆಯನ್ನು ಕೇಳಿ. ಈ ಮುದ್ರೆಯನ್ನು ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ನೀವು ಹೋಗುವ ದೇಶ ಅದರಲ್ಲಿ ಇಲ್ಲದಿದ್ದರೆ ಆ ದೇಶದ ರಾಯಭಾರ ಕಚೇರಿಯಿಂದ ದೃಢೀಕರಣ ಮಾಡಿಸಬೇಕಾಗುತ್ತದೆ.

ಲಸಿಕೆಗೆ ಬೇಗ ಓಡಿ

ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಹಿಡಿಯುತ್ತದೆ. ಆದ್ದರಿಂದ ವೈದ್ಯರ ಭೇಟಿಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಟೈಫಾಯ್ಡ್, ಹೆಪಟೈಟಿಸ್ ಎ, ಟೆಟನಸ್, ರೇಬಿಸ್ ಬಗ್ಗೆಯೂ ಆಗಲೇ ಕೇಳಿ. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕೇ ಬೇಕು. ಇದನ್ನು ಸರ್ಕಾರ ಅನುಮತಿ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಅದರ ಪ್ರಮಾಣಪತ್ರ ಊರ್ಜಿತ. 2016ರಿಂದ ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬೇಡಿ.

ಪ್ರಯಾಣಿಕರಿಗೆ ಮಲೇರಿಯಾಗೆ ಲಸಿಕೆಯಲ್ಲ, ಮಾತ್ರೆ. ‘ನಾವು ಸೊಳ್ಳೆ ನೋಡದವರಾ’ ಅಂತ ಉದಾಸೀನ ಬೇಡ. ಸಹಾರಾದ ದಕ್ಷಿಣಕ್ಕೆ ಹೆಚ್ಚಾಗಿ ಕಾಣುವುದು ಜೀವಕ್ಕೇ ಅಪಾಯ ತರುವ ಫಾಲ್ಸಿಪಾರಂ ಮಲೇರಿಯಾ. ದಿನವೂ ತೆಗೆದುಕೊಳ್ಳುವ ಔಷಧಿಗಳಿಗೆ ಔಷಧದ ಮೂಲ ಹೆಸರು ಬರೆದ ಚೀಟಿ ಜೊತೆಗಿರಲಿ. ನಿದ್ರೆ ಮಾತ್ರೆ, ಕೊಡೈನ್ ಇರುವ ಕೆಮ್ಮಿನ ಸಿರಪ್‌ಗೆ ಕೆಲವು ದೇಶಗಳಲ್ಲಿ ನಿರ್ಬಂಧವಿದೆ. ಹುಳುಕು ಹಲ್ಲನ್ನೂ ಇಲ್ಲೇ ತೋರಿಸಿಕೊಂಡು ಹೋಗಿ.

ಹಣ, ಆಸ್ತಿ ಮತ್ತು ಒಂದು ಸಿಮ್

ನೀವು ಅನಿವಾಸಿ ಆಗುತ್ತೀರಾ ಅಂತ ಬ್ಯಾಂಕಿನಲ್ಲಿ ಕೇಳಿ. ಆಗುವುದಾದರೆ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳ ರೂಪಾಯಿ ಖಾತೆಯಾಗಿ ಬದಲಿಸಬೇಕು. ಮನೆ, ಜಮೀನು ಇದ್ದರೆ ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಕೊಡಿ. ಏನೇನು ಮಾಡಬಹುದು ಅನ್ನುವುದನ್ನು ಬಿಡಿಸಿ ಬರೆಸಿ. ಬಾಡಿಗೆ ವಸೂಲಿಗೆ, ತೆರಿಗೆ ಕಟ್ಟುವುದಕ್ಕೆ ಮಾರಾಟದ ಅಧಿಕಾರ ಯಾಕೆ ಬೇಕು ಅಲ್ವಾ? ಹೋದ ಮೇಲೆ ಇದನ್ನು ಮಾಡಿಸಲು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಅಲೆಯಬೇಕು. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಬೆಂಗಳೂರಿನಲ್ಲಿ ಶೇ 5 ರಿಯಾಯಿತಿ ಸಿಗುತ್ತದೆ. ಅದನ್ನೂ ಅವರಿಗೆ ಹೇಳಿಟ್ಟಿರಿ.

ಇನ್ನು ಮೊಬೈಲ್ ನಂಬರ್. ಬ್ಯಾಂಕ್, ಆಧಾರ್, ಆದಾಯ ತೆರಿಗೆ, ಪಿಎಫ್, ಎಲ್ಲದರ ಒಟಿಪಿ ಬರುವುದು ಆ ಒಂದು ನಂಬರಿಗೆ. ಪ್ರೀಪೇಯ್ಡ್ ಸಿಮ್ ಅನ್ನು 90 ದಿನ ಬಳಸದೆ ಬಿಟ್ಟರೆ ರದ್ದಾಗಬಹುದು. ರದ್ದಾದ ನಂಬರ್ ಮುಂದೆ ಬೇರೆಯವರ ಕೈಗೂ ಹೋಗುತ್ತದೆ. ಹೊರಡುವ ಮೊದಲು ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಸಿಮ್ ಸ್ಲಾಟ್ ಎರಡಿರುವ ಫೋನ್ ಒಯ್ಯಿರಿ. ರೀಚಾರ್ಜ್ ಯಾರು, ಯಾವ ತಾರೀಖಿಗೆ ಮಾಡುತ್ತಾರೆ ಅಂತ ಗೊತ್ತುಮಾಡಿ.

ಅಮ್ಮನ ಕೈಯಲ್ಲಿ ಒಂದು ನೋಟ್‌ಬುಕ್

ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಒಂದು ರೂಲ್ಡ್ ನೋಟ್‌ಬುಕ್ ತನ್ನಿ. ಗ್ಯಾಸ್ ಕನ್ಸ್ಯೂಮರ್ ನಂಬರ್, ಕರೆಂಟ್ ಬಿಲ್ಲಿನ ಖಾತೆ ಸಂಖ್ಯೆ, ಆರೋಗ್ಯ ವಿಮೆಯ ಪಾಲಿಸಿ ನಂಬರ್, ಅಪ್ಪನ ಬಿಪಿ ಮಾತ್ರೆಯ ಹೆಸರು ಮತ್ತು ಡೋಸ್, ಪ್ಲಂಬರ್, ಆಟೊದವರು, ರಾತ್ರಿ ಹೊತ್ತಲ್ಲೂ ಫೋನ್ ಎತ್ತುವ ಪಕ್ಕದ ಮನೆಯವರು, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ. ಪಾಸ್‌ವರ್ಡ್, ಪಿನ್ ಮಾತ್ರ ಬರೆಯಬೇಡಿ.

ಬರೆದು ಕೊಟ್ಟರೆ ಸಾಲದು. ಹೊರಡುವ ಹಿಂದಿನ ತಿಂಗಳು ನೀವು ಸುಮ್ನೆ ಕೂತಿರಿ, ಅವರೇ ಗ್ಯಾಸ್ ಬುಕ್ ಮಾಡಲಿ, ಬಿಲ್ ಕಟ್ಟಲಿ, ವಿಡಿಯೊ ಕಾಲ್ ಹಚ್ಚಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ನೋಟ್‌ಬುಕ್‌ನಲ್ಲಿ ಇನ್ನೆರಡು ಸಾಲು ಸೇರಿಸಿ. ನವೆಂಬರ್‌ನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಬೇಕಿದ್ದರೆ ಜೊತೆಗೆ ಹೋಗುವವರು ಯಾರು ಅಂತಲೂ ಬರೆದಿಡಿ. ತುರ್ತು ಖರ್ಚಿಗೆ ಜಂಟಿ ಖಾತೆಯಲ್ಲಿ ಸ್ವಲ್ಪ ಹಣ ಇರಲಿ.

ಕೊನೆಗೆ ಸಾಮಾನು

ಕೀನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ಚಪ್ಪಟೆ ಮೂರು ಪಿನ್ನಿನ ಬ್ರಿಟಿಷ್ ಪ್ಲಗ್. ಅಡಾಪ್ಟರ್ ಬೇಕು. ನೈರೋಬಿ, ಕಂಪಾಲದಲ್ಲಿ ಭಾರತೀಯರ ಅಂಗಡಿಗಳಿವೆ, ಬೇಳೆ ಹೊರಬೇಡಿ. ಹುಳಿಪುಡಿ, ಚಟ್ನಿಪುಡಿ ಸಾಕು, ಅದೂ ಡಬ್ಬಿಯಲ್ಲಿ. ರುವಾಂಡದಲ್ಲಿ 2008ರಿಂದ, ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್‌ಗೆ ನಿಷೇಧವಿದೆ.

ಹಳದಿ ಜ್ವರದ ಕಾರ್ಡ್ ಅನ್ನು ಪಾಸ್‌ಪೋರ್ಟ್ ಜೊತೆಗೆ ಕೈಚೀಲದಲ್ಲೇ ಇಡಿ. ಆ ರೋಗವಿರುವ ದೇಶದಿಂದ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಕ್ವಾರಂಟೈನ್ ಮಾಡಬಹುದು. ಸೇವೆಯ ಊರಿಗೆ ತಲುಪಿದ ಮೇಲೆ ಆ ಕಾರ್ಡ್ ಅನ್ನು ಎಲ್ಲೋ ಎತ್ತಿಟ್ಟು ಮರೆಯಬೇಡಿ.