ಕೋಲಿಯಸ್‌ನಲ್ಲಿ ಹೊನ್ನಿನ ಎಲೆ ಹುಡುಕಿದ್ದು

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆ ಜಗಲಿಯಲ್ಲಿ ಬಣ್ಣದೆಲೆಯ ಕೋಲಿಯಸ್ ಗಿಡದ ಕುಂಡಗಳು ಮೊದಲಿಂದಲೂ ಇವೆ. ಹೂ ಬಂದರೆ ಗಿಡ ಸೊರಗುತ್ತದೆ ಅಂತ ತೆನೆ ಕಂಡ ಕೂಡಲೇ ಚಿವುಟಿ ಹಾಕುತ್ತಿದ್ದೆ. ಒಂದು ವರ್ಷ ಬೇಕೆಂತಲೇ ಬಿಟ್ಟೆ. ನನ್ನ ಹಳದಿ ಗಿಡದ ಎಲೆಗೆ ಅಂದವಾದ ಅಂಚಿರಲಿಲ್ಲ. ಕಡುಗೆಂಪು ಗಿಡದ ಎಲೆಗೆ ಗರಗಸದಂಥ ಅಂಚಿತ್ತು. ಆ ಅಂಚು ಹೊಂಬಣ್ಣದ ಎಲೆಯಲ್ಲಿ ಬರಬೇಕು ಅನ್ನುವುದು ನನ್ನ ಆಸೆ.

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಹೂ ಕೊಳೆತೇ ಹೋಗುತ್ತದೆ. ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಕಂಡ ಮೇಲೆ ಎರಡೂ ಗಿಡಗಳನ್ನು ಬೆರೆಸಿ ತಳಿ ಮಾಡುವ ಕೆಲಸ ಶುರು ಮಾಡಿದೆ.

ಕೋಲಿಯಸ್ ತುಳಸಿಯ ಬಳಗದ್ದು. ಹೂವಿನ ಕೆಳಗಿನ ನೀಲಿ ತುಟಿ ದೋಣಿಯ ಹಾಗೆ ಬಾಗಿರುತ್ತದೆ. ಪರಾಗ ಹೊತ್ತ ನಾಲ್ಕು ಕೇಸರಗಳೂ ಅದರೊಳಗೇ ಇರುತ್ತವೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಹಿಡಿಯಬೇಕು. ಸಣ್ಣ ಚಿಮಟದಲ್ಲಿ ದೋಣಿಯನ್ನು ಮೆಲ್ಲಗೆ ಎಳೆದರೆ ಕೇಸರಗಳೂ ಜೊತೆಗೇ ಬರುತ್ತವೆ. ಉಳಿಯುವುದು ಕೂದಲಿನಂಥ ಒಂದೇ ಎಳೆ, ತುದಿಯಲ್ಲಿ ಎರಡು ಸೀಳು. ಬೆಳಿಗ್ಗೆ ಮಂಜು ಹರಿದ ಮೇಲೆ ಇನ್ನೊಂದು ಗಿಡದ ಆಗಷ್ಟೇ ಅರಳಿದ ಹೂ ತಂದು, ಅದರ ಪರಾಗವನ್ನು ಆ ತುದಿಗೆ ಮುಟ್ಟಿಸುತ್ತೇನೆ. ಕೈ ನಡುಗಬಾರದು. ಹತ್ತು ಮೊಗ್ಗಿನಲ್ಲಿ ನಾಲ್ಕೈದು ಕೈಗೂಡಿದರೆ ನನಗೆ ಖುಷಿ.

ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಜೇನು ಬಂದು ಬೇರೆ ಪರಾಗ ತಂದರೆ ಶ್ರಮವೆಲ್ಲ ದಂಡ, ಹಾಗಾಗಿ ತೆನೆ ಮುಚ್ಚಲೇಬೇಕು. ಮೊದಲು ಪ್ಲಾಸ್ಟಿಕ್ ಕವರ್ ಕಟ್ಟಿದ್ದೆ, ಒಳಗೆ ಬೆವರಿ ಬೂಸ್ಟು ಹಿಡಿಯಿತು. ಈಗ ತೆಳು ಮಲ್ ಬಟ್ಟೆಯ ಚೀಲ ಹಾಕುತ್ತೇನೆ. ಒಂದು ಹೂವಿಗೆ ಹೆಚ್ಚೆಂದರೆ ನಾಲ್ಕು ಬೀಜ. ಬಲಿತರೆ ತಾವಾಗಿ ಉದುರುತ್ತವೆ, ಅದಕ್ಕೂ ಚೀಲವೇ ಗತಿ.

ಬೀಜದ ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು.

ಮೊದಲ ತಲೆಮಾರು ಪೂರ್ತಿ ಕೆಂಪು! ತುಂಬಾ ಬೇಜಾರಾಯ್ತು. ಆದರೆ ಕೆಂಪು ಮೇಲುಗೈ ಬಣ್ಣ, ಹಳದಿ ಅದರ ಅಡಿಯಲ್ಲಿ ಸುಮ್ನೆ ಕೂತಿರುತ್ತದೆ. ಅಂಚು ಚೆನ್ನಾಗಿದ್ದ ಮೂರು ಗಿಡ ಉಳಿಸಿಕೊಂಡು, ಅವುಗಳ ಹೂವಿಗೆ ಅವುಗಳದೇ ಪರಾಗ ಹಚ್ಚಿದೆ. ಮರುವರ್ಷದ ಸಸಿಗಳಲ್ಲಿ ಕೆಂಪಿಲ್ಲದವು ಬೆರಳೆಣಿಕೆಯಷ್ಟು ಬಂದವು. ಎರಡನ್ನು ಬಸವನಹುಳು ಒಂದೇ ರಾತ್ರಿಯಲ್ಲಿ ಮೇಯ್ದು ಹಾಕಿತು.

ಉಳಿದವು ಸಿಲ್ವರ್ ಓಕ್ ನೆರಳಲ್ಲಿ ಬರೀ ತಿಳಿಹಸಿರಾಗಿ ಕಾಣುತ್ತಿದ್ದವು. ನಾಲ್ಕು ಜೊತೆ ಎಲೆ ಬಂದ ಮೇಲೆ ಕಾಫಿ ಕಣದ ಪಕ್ಕ, ಬೆಳಗಿನ ಬಿಸಿಲಿಗೆ ಇಟ್ಟೆ. ದಿನ ಕಳೆದಂತೆ ಹಸಿರು ಕರಗಿತು. ಒಂದು ಸಸಿಯ ಎಲೆ ಮಾತ್ರ ಜೇನಿನ ಬಣ್ಣಕ್ಕೆ ತಿರುಗಿತು, ಅಂಚೆಲ್ಲ ಗರಗಸ. ನಾನು ಅಲ್ಲೇ ಕಣದ ಕಟ್ಟೆ ಮೇಲೆ ಕೂತುಬಿಟ್ಟೆ.

ಬೀಜದಿಂದ ಅದೇ ಗಿಡ ಮತ್ತೆ ಸಿಗುವ ಭರವಸೆ ಇಲ್ಲ. ಕಡ್ಡಿಯಿಂದ ಸಿಗುತ್ತದೆ. ಐದು ಕಡ್ಡಿ ನೀರಿನ ಬಾಟಲಿಗೆ ಹಾಕಿದೆ, ಬೇರು ಬಂತು. ಹುತ್ತರಿ ಹಬ್ಬಕ್ಕೆ ಬಂದ ಅತ್ತೆ ನೋಡಿ, "ಇದೂ ಕೋಲಿಯಸ್ಸೇ ಅಲ್ವಾ? ನಂಗೂ ಒಂದು ಕೊಡು" ಅಂದರು. ಬೇರು ಬಿಟ್ಟ ಕಡ್ಡಿಗಳಲ್ಲಿ ಚೆನ್ನಾಗಿದ್ದದ್ದನ್ನೇ ಆರಿಸಿ ಕೊಟ್ಟೆ.