ಬೀದಿ ಕೆಲಸ ನಿಂತರೆ ‘ಯಾವಾಗ ಮುಗಿಯುತ್ತೆ’ ಅಂತ ಕೇಳಬೇಡಿ

ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಅಡ್ಡರಸ್ತೆಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್, ಕುಚ್ಚು ಹಾಕುತ್ತೇನೆ. ನಮ್ಮ ಬೀದಿಗೆ ಕಾಂಕ್ರೀಟ್ ರಸ್ತೆ, ಎರಡೂ ಕಡೆ ಚರಂಡಿ ಅಂತ ಕೆಲಸ ಶುರುವಾಯಿತು. 4 ತಿಂಗಳ ಕೆಲಸ ಅಂದಿದ್ದರು. ಹಿಡಿದದ್ದು 13 ತಿಂಗಳು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಕಾಲ ಬೀದಿಯಲ್ಲಿ ಒಬ್ಬ ಕೆಲಸದವನೂ ಇರಲಿಲ್ಲ. ಬಿಳಿ ಲೈನಿಂಗ್ ಬಟ್ಟೆ ಬೆಳಿಗ್ಗೆ ಬಿಚ್ಚಿಟ್ಟರೆ ಮಧ್ಯಾಹ್ನಕ್ಕೆ ಕೆಮ್ಮಣ್ಣಿನ ಬಣ್ಣ. ಮದುವೆ ಸೀಸನ್ ಪೂರ್ತಿ ಕೈಬಿಟ್ಟು ಹೋಯಿತು. ಆ ದಿನಗಳಲ್ಲಿ ಏನು ಮಾಡಿದರೆ ಕೆಲಸ ಸ್ವಲ್ಪವಾದರೂ ಮುಂದೆ ಹೋಯಿತು, ಅದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಬೀದಿ ಕೊನೆಯ ಗುಡಿ ಕಟ್ಟೆಯ ಮೇಲೆ ಮೂರು ಸಲ ಸಭೆ ಸೇರಿದ್ದೆವು. ಮೂರು ಸಲವೂ ಎಂಜಿನಿಯರ್ ಬಂದರು. ಮೂರು ಸಲವೂ ನಾವೆಲ್ಲ ಒಟ್ಟಿಗೆ ಕೂಗಿದ್ದು ಒಂದೇ: “ಯಾವಾಗ ಮುಗಿಸ್ತೀರಿ?” ಅವರು ಹೇಳಿದ್ದೂ ಒಂದೇ: “ಇನ್ನೊಂದು ತಿಂಗಳು.” ಆಮೇಲೆ ನಮ್ಮ ನಮ್ಮಲ್ಲೇ ಜಗಳ. ಅಂಗಡಿಯವರಿಗೆ ದೀಪಾವಳಿ ವ್ಯಾಪಾರ ಮುಗಿಯೋವರೆಗೆ ಗುಂಡಿ ಮುಚ್ಚಬೇಕು. ಮನೆಯವರಿಗೆ ಮಳೆಗಾಲದ ಒಳಗೆ ಚರಂಡಿ ಆಗಬೇಕು. ತಳ್ಳುಗಾಡಿಯವರಿಗೆ ನಿಲ್ಲೋಕೆ ಜಾಗ ಬೇಕು. ಯಾರದ್ದೂ ತಪ್ಪಲ್ಲ ಅಲ್ವಾ? ಆದರೆ ನಾವು ಕಿತ್ತಾಡುವಷ್ಟು ಹೊತ್ತು ಎಂಜಿನಿಯರ್ ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿರಲಿಲ್ಲ.

ನಾಲ್ಕನೇ ಸಲ, ಹಿಂದೆ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿದ್ದ ನಮ್ಮ ಬೀದಿಯ ಅಜ್ಜ ಎದ್ದು ನಿಂತರು. “ಮಗ್ಗ ನಿಂತ್ರೆ ಯಾವಾಗ ಓಡ್ತದೆ ಅಂತ ನಾವು ಕೇಳ್ತಿರಲಿಲ್ಲ ಸರ್. ಯಾವ ಎಳೆ ಹರಿದದೆ ಅಂತ ನೋಡ್ತಿದ್ವಿ. ಈ ಕೆಲಸ ಯಾವುದಕ್ಕೆ ನಿಂತದೆ, ಅದನ್ನ ಹೇಳ್ರಿ” ಅಂದರು. ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಚರಂಡಿ ಹೋಗುವ ಸಾಲಿನಲ್ಲಿ ಮೂರು ಲೈಟ್ ಕಂಬ ಇವೆ, ಅವು ಸರಿಯದೆ ಗೋಡೆ ಕಟ್ಟೋಕೆ ಆಗಲ್ಲ, ಕಂಬ ಸರಿಸೋಕೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಪತ್ರ ಹೋಗಿದೆ, ಹಣ ಕಟ್ಟಿಲ್ಲ. ಅಷ್ಟೇ ವಿಷಯ. 70 ದಿನದಿಂದ ಬೀದಿ ನಿಂತಿದ್ದು ಮೂರು ಕಂಬಕ್ಕೆ.

ಹಾಗಾಗಿ ನಿಮ್ಮ ಬೀದಿಯಲ್ಲೂ ಮೊದಲು ಆ ಎಳೆ ಹುಡುಕಿ. ಹುಡುಕೋದು ಕಷ್ಟ ಏನಲ್ಲ. ಕೆಲಸದ ಮೇಸ್ತ್ರಿಗೆ ಎಲ್ಲಾ ಗೊತ್ತಿರುತ್ತದೆ. ಕೂಲಿಯವರನ್ನು ಬಯ್ಯಬೇಡಿ, ಅವರಿಂದ ಏನೂ ತಡ ಆಗಿರೋದಿಲ್ಲ. ಒಂದು ಚೊಂಬು ನೀರು ಕೊಟ್ಟು ಕೇಳಿ: ಪೈಪ್ ಬಂದಿಲ್ಲವಾ, ಬಿಲ್ ಆಗಿಲ್ಲವಾ, ಯಾರಾದರೂ ಕೋರ್ಟಿಗೆ ಹೋಗಿದ್ದಾರಾ, ಯುಜಿಡಿ, ಅಂದರೆ ಒಳಚರಂಡಿ ಲೈನ್ ಸಿಕ್ಕಿಹಾಕಿಕೊಂಡಿದೆಯಾ? ನೆಲದ ಕೆಳಗಿನ ಕೆಲಸ ಮುಗಿಯದೆ ಮೇಲೆ ಕಾಂಕ್ರೀಟ್ ಹಾಕಿಸಬಾರದು. ಒಳಚರಂಡಿ, ನೀರಿನ ಪೈಪು, ಮನೆ ಮನೆಯ ಕನೆಕ್ಷನ್, ಕೇಬಲ್, ಮಳೆನೀರಿನ ಚರಂಡಿ, ಇವೆಲ್ಲ ಆದ ಮೇಲೇ ರಸ್ತೆ. ಬೇಗ ಬೇಗ ಅಂತ ಒತ್ತಡ ಹಾಕಿ ಮೇಲೆ ಹಾಕಿಸಿಕೊಂಡರೆ ಆರು ತಿಂಗಳಿಗೆ ಮತ್ತೆ ಒಡೆಯುತ್ತಾರೆ.

ಎರಡನೆಯದು, ಇದು ಯಾರ ಕೆಲಸ ಅಂತ ತಿಳಿಯಿರಿ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳಲ್ಲಿ ದಾವಣಗೆರೆಯೂ ಸೇರಿತು. ಜಲಸಿರಿ ಅನ್ನೋ ಕುಡಿಯುವ ನೀರಿನ ಯೋಜನೆಯ ಪೈಪಿಗೂ ಅಗೆತ ಆಯಿತು. ಪಾಲಿಕೆ, ಲೋಕೋಪಯೋಗಿ, ಬೆಸ್ಕಾಂ, ಎಲ್ಲರೂ ಅಗೆಯುವವರೇ. ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಅದರಲ್ಲಿ ಆದ ಕೆಲಸವಾದರೆ ಕಡತ ಈಗ ಯಾರ ಹತ್ತಿರ ಇದೆ ಅಂತಲೂ ಕೇಳಬೇಕು. ಕೆಲಸದ ಜಾಗದಲ್ಲಿ ಬೋರ್ಡ್ ಇದ್ದರೆ ಫೋಟೋ ತೆಗೆದಿಡಿ: ಕಾಮಗಾರಿ ಹೆಸರು, ಮೊತ್ತ, ಗುತ್ತಿಗೆದಾರ, ಶುರುವಾದ ದಿನ, ಮುಗಿಸಬೇಕಾದ ದಿನ. ಬೋರ್ಡ್ ಇಲ್ಲದಿದ್ದರೆ ಅದೇ ನಿಮ್ಮ ಮೊದಲ ದೂರು. 1902ಕ್ಕೆ, ಅಂದರೆ ಜನಸ್ಪಂದನಕ್ಕೆ, ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ.

ಮೂರನೆಯದು ಕಾಗದ. ಮಾಹಿತಿ ಹಕ್ಕು ಅರ್ಜಿಗೆ ನಮ್ಮ ರಾಜ್ಯದಲ್ಲಿ ಶುಲ್ಕ 10 ರೂಪಾಯಿ. ಪೋಸ್ಟ್ ಆಫೀಸಿನಲ್ಲಿ ಪೋಸ್ಟಲ್ ಆರ್ಡರ್ ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನನ್ನ ಮೊದಲ ಅರ್ಜಿಯಲ್ಲಿ “ಕೆಲಸ ಯಾಕೆ ತಡವಾಗಿದೆ” ಅಂತ ಬರೆದಿದ್ದೆ. ಅದಕ್ಕೆ ಮಾಹಿತಿ ಇಲ್ಲ ಅಂತ ಉತ್ತರ ಬಂತು. ಈ ಕಾನೂನಿನಲ್ಲಿ ಸಿಗೋದು ಕಡತದಲ್ಲಿ ಇರುವ ದಾಖಲೆ, ಕಾರಣ ಅಲ್ಲ. ಎರಡನೇ ಸಲ ಹೀಗೆ ಕೇಳಿದೆ: ಕಾರ್ಯಾದೇಶದ (ಗುತ್ತಿಗೆದಾರನಿಗೆ ಕೆಲಸ ವಹಿಸಿದ ಆದೇಶ) ನಕಲು, ಅಂದಾಜು ಪಟ್ಟಿ, ಅವಧಿ ವಿಸ್ತರಿಸಿದ ಪತ್ರಗಳು, ಆದ ಕೆಲಸವನ್ನು ಬರೆದಿಡುವ ಅಳತೆ ಪುಸ್ತಕದ ಪುಟಗಳು, ಈವರೆಗೆ ಪಾವತಿಯಾದ ಬಿಲ್. ಇವು ಸಿಕ್ಕವು. ತಡವಾದ ಕಾರಣ ಆ ವಿಸ್ತರಣೆ ಪತ್ರದಲ್ಲೇ ಇತ್ತು!

ಉತ್ತರಕ್ಕೆ 30 ದಿನ. ಬರದಿದ್ದರೆ ಮತ್ತೆ 30 ದಿನದ ಒಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ತಪ್ಪು ಕಚೇರಿಗೆ ಕಳಿಸಿದ್ದರೂ ಹೆದರಬೇಡಿ, ಅವರೇ 5 ದಿನದಲ್ಲಿ ಸರಿಯಾದ ಕಚೇರಿಗೆ ದಾಟಿಸಬೇಕು. ಇನ್ನೊಂದು ಹಕ್ಕು ಬಹಳ ಜನರಿಗೆ ಗೊತ್ತಿಲ್ಲ. 2005ರ ಈ ಕಾನೂನಿನ 2(ಜೆ) ಕಲಮಿನ ಪ್ರಕಾರ ಬರೀ ಕಾಗದ ಅಲ್ಲ, ಕೆಲಸವನ್ನೇ ಪರಿಶೀಲಿಸಬಹುದು, ಬಳಸಿದ ಸಾಮಾನಿನ ಪ್ರಮಾಣೀಕೃತ ಮಾದರಿಯನ್ನೂ ಕೇಳಬಹುದು.

ಈಗ ಅಳತೆ. ನನ್ನ ಪ್ರಕಾರ ಬೀದಿಯವರು ಮಾಡಬಹುದಾದ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ. ಕಾಂಕ್ರೀಟ್ ಹಾಕುವ ಹಿಂದಿನ ದಿನ ಮೇಸ್ತ್ರಿ ಬೀದಿ ಉದ್ದಕ್ಕೂ ದಾರ ಕಟ್ಟಿದ್ದ. ರಸ್ತೆ ಮಟ್ಟ ಎಲ್ಲಿಗೆ ಬರುತ್ತದೆ ಅನ್ನೋದು ಆ ದಾರ. ನಾನು ಅಂಗಡಿ ಬಾಗಿಲಲ್ಲಿ ನಿಂತು ನೋಡಿದರೆ ದಾರ ನನ್ನ ಹೊಸ್ತಿಲಿಗಿಂತ ಮೇಲಿತ್ತು. ಕೊರಳಲ್ಲಿ ಇಂಚು ಟೇಪು ಇದ್ದೇ ಇರುತ್ತದೆ, ಹಿಡಿದು ನೋಡಿದೆ. ಮೂರೂವರೆ ಇಂಚು ಮೇಲೆ. ಹಳೇ ರಸ್ತೆ ಹೊಸ್ತಿಲಿಗಿಂತ 6 ಇಂಚು ಕೆಳಗಿತ್ತು. ಅಂದರೆ ಮಳೆ ಬಂದರೆ ನೀರು ಚರಂಡಿಗಲ್ಲ, ಅಂಗಡಿಯೊಳಗೆ. ಪಕ್ಕದ ಮನೆ, ಅದರ ಪಕ್ಕದ್ದು, ಹೀಗೆ 19 ಬಾಗಿಲು ಅಳೆದು ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದೆವು. 14 ಬಾಗಿಲು ದಾರಕ್ಕಿಂತ ಕೆಳಗೆ.

ಅಂದಾಜು ಪಟ್ಟಿಯ ನಕಲು ನಮ್ಮ ಕೈಯಲ್ಲಿತ್ತು. ಹಳೇ ಡಾಂಬರು ಕಿತ್ತು ತೆಗೆಯಬೇಕು ಅಂತ ಅದರಲ್ಲಿ ಇದೆ. ಇಲ್ಲಿ ನೋಡಿದರೆ ಅದರ ಮೇಲೇ ಜಲ್ಲಿ ಹರಡಿದ್ದರು. ಎಂಜಿನಿಯರ್ ಬಂದಾಗ ಯಾರೂ ಕೂಗಲಿಲ್ಲ. ನೋಟ್‌ಬುಕ್ ಕೊಟ್ಟೆವು, ಟೇಪು ಕೊಟ್ಟೆವು. ಅವರೇ ನಾಲ್ಕು ಬಾಗಿಲು ಅಳೆದರು. ಅವತ್ತು ಕಾಂಕ್ರೀಟ್ ಗಾಡಿ ವಾಪಸ್ ಹೋಯಿತು. ಒಂಬತ್ತು ದಿನ ಜಾಸ್ತಿ ಆಯಿತು, ಹಳೇ ಪದರ ಕಿತ್ತರು, ದಾರ ನನ್ನ ಹೊಸ್ತಿಲಿಗಿಂತ 2 ಇಂಚು ಕೆಳಗೆ ಬಂತು. ಆ ಒಂಬತ್ತು ದಿನಕ್ಕೆ ಬೀದಿಯಲ್ಲಿ ಕೆಲವರು ನನ್ನನ್ನು ಬೈದರು. ಬೇಜಾರಾಯಿತು, ಆದರೂ ಅದು ಸರಿಯಾದ ತಡ ಅಂತಲೇ ಇವತ್ತಿಗೂ ನಂಬಿದ್ದೇನೆ.

ಸಭೆ ಮಾಡುವವರಿಗೆ ಒಂದು ಮಾತು. ಒಬ್ಬರು ಬರೆದುಕೊಳ್ಳಲೇಬೇಕು. “ಮುಂದಿನ ವಾರ” ಅಂದರೆ ಒಪ್ಪಬೇಡಿ. ಯಾವ ಮನೆಯಿಂದ ಯಾವ ಮನೆವರೆಗೆ, ಯಾವ ತಾರೀಖು ಅಂತ ಕೇಳಿ ಬರೆದು, ಬಂದ ಅಧಿಕಾರಿಯ ಸಹಿ ಹಾಕಿಸಿ. ಇಡೀ ಬೀದಿಯ ತಾರೀಖಿಗಿಂತ 40 ಅಡಿಯ ತಾರೀಖು ಗಟ್ಟಿ. ನಮ್ಮ ನಡುವಿನ ಜಗಳ ಬಗೆಹರಿದದ್ದೂ ಹೀಗೇ. ಒಂದು ಬದಿ ಮುಗಿಸಿ ಇನ್ನೊಂದು ಬದಿ ಅಗೆಯೋದು, ದೀಪಾವಳಿಯ ವಾರ ಹೊಸದಾಗಿ ಅಗೆಯದಿರೋದು, ತಳ್ಳುಗಾಡಿಯವರು ಮುಗಿದ ಬದಿಗೆ ಬರೋದು. ನಮ್ಮೂರ ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಅದರ ಒಳಗೆ ಮುಗಿಸಿ ಅಂತ ಕೆಲವರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಹಬ್ಬಕ್ಕೆ ಅಂತ ಅವಸರದಲ್ಲಿ ಹಾಕಿದ ಕಾಂಕ್ರೀಟಿಗೆ ನೀರು ಉಣಿಸೋದಕ್ಕೂ ಬಿಡುವು ಸಿಗಲ್ಲ. ಕನಿಷ್ಠ 14 ದಿನ ಒದ್ದೆ ಗೋಣಿಚೀಲ ಹೊದಿಸಿಡಬೇಕು, 28 ದಿನದವರೆಗೆ ಭಾರದ ಲಾರಿ ಬಿಡಬಾರದು. ಇದನ್ನು ಕಾಯೋದು ಬೀದಿಯವರ ಕೆಲಸ. ಪಾಳಿ ಹಾಕಿಕೊಂಡು ನಾವೇ ಕಾದೆವು.

ಗುಂಡಿ ಇರುವಷ್ಟು ದಿನ ಜೀವದ ವಿಷಯದಲ್ಲಿ ಮಾತ್ರ ಕಾಯಬೇಡಿ. ನನ್ನ ಅಂಗಡಿ ಮುಂದೆ ಚರಂಡಿ ಗುಂಡಿಗೆ 9 ಇಂಚಿನ ಒಂದು ಹಲಗೆ ಹಾಕಿದ್ದರು. ಬ್ಲೌಸ್ ಅಳತೆಗೆ ಬಂದ ತುಂಬು ಗರ್ಭಿಣಿಯೊಬ್ಬಳು ಅದರ ಮಧ್ಯೆ ನಿಂತು ಅಲ್ಲಾಡೋಕಾಗದೆ “ಅಕ್ಕಾ, ಕೈ ಕೊಡ್ರಿ” ಅಂದಳು. ಆ ಕೈ ಹಿಡಿದ ನೆನಪಿಗೆ ಈಗಲೂ ಎದೆ ಡವಡವ ಅನ್ನುತ್ತದೆ. ಅಗಲದ ಕಬ್ಬಿಣದ ಹಾಳೆ, ಹಿಡಿಕೆ, ರಾತ್ರಿ ಹೊಳೆಯುವ ಟೇಪು, ದಿನಕ್ಕೆ ಎರಡು ಸಲ ನೀರು ಚಿಮುಕಿಸೋದು, ಇವನ್ನು ಮೊದಲ ದಿನವೇ ಬರೆದು ಕೇಳಿ. ಮೋಟಾರು ವಾಹನ ಕಾಯ್ದೆಯಲ್ಲಿ 198ಎ ಅಂತ ಒಂದು ಕಲಮು ಇದೆ. ರಸ್ತೆ ಕಟ್ಟುವವರು ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು, ಅಂಗವಿಕಲತೆ ಆದರೆ 1 ಲಕ್ಷ ರೂಪಾಯಿವರೆಗೆ ದಂಡ. ಪತ್ರದಲ್ಲಿ ಆ ಕಲಮಿನ ನಂಬರ್ ಬರೆಯಿರಿ. ನಾವು ಬರೆದ ಮೂರನೇ ದಿನ ಕಬ್ಬಿಣದ ಹಾಳೆ ಬಂತು.

ಕೆಲಸ ಮುಗಿದ ಮೇಲೆ ನೋಟ್‌ಬುಕ್ ಎಸೆಯಬೇಡಿ. ಇಷ್ಟು ವರ್ಷದವರೆಗೆ ಹಾಳಾದರೆ ಗುತ್ತಿಗೆದಾರನೇ ಸರಿ ಮಾಡಿಕೊಡಬೇಕು ಅಂತ ಒಪ್ಪಂದದಲ್ಲಿ ಇರುತ್ತದೆ. ಆ ಅವಧಿ ಎಷ್ಟು, ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಕಾರ್ಯಾದೇಶದಲ್ಲಿ ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತು ನೀರು ಯಾವ ಕಡೆ ಹರಿಯುತ್ತದೆ ನೋಡಿ. ನಮ್ಮ ಬೀದಿಯಲ್ಲಿ ಗುಡಿ ಕಟ್ಟೆ ಮುಂದೆ ಒಂದು ಮೂಲೆಯಲ್ಲಿ ಮೊಣಕೈ ಉದ್ದದಷ್ಟು ನೀರು ನಿಂತಿತು. ಫೋಟೋ ತೆಗೆದು, ತಾರೀಖು ಬರೆದು, ಮಾರನೇ ದಿನವೇ ಪತ್ರ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬಂದಿದ್ದೇವೆ.